ಆಕ್ಸಿಸ್ ೯೦

ಮೊದಲು ಮಾಯವಾದದ್ದು ಕಡ್ಡಿ.
ಧಕಾರದ ಹೊಟ್ಟೆಯಡಿ, ಭಕಾರದ ಬುಡದಲ್ಲಿ
ಇರುವೆಯ ಕಾಲಿನಷ್ಟು ಇರುತ್ತದಲ್ಲ, ಅದು.

ಚಾಮರಾಜಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು,
ಹತ್ತೊಂಬತ್ತು ವರ್ಷದಿಂದ ಅಲ್ಲಿ ಕರಡು ತಿದ್ದುವವಳು ನಾನು.
ಆಷಾಢದ ಕೊನೆಯ ವಾರ
ಮುನ್ನೂರು ಕಾರ್ಡಿನಲ್ಲಿ ವಧು ವದುವಾಗಿ ಹೋದಳು.
ಹುಡುಗಿಯ ಸೋದರಮಾವ ಬಂದು ಮೇಜು ಗುದ್ದಿದ.
ಬದರಿನಾರಾಯಣರು ಏನೂ ಅನ್ನಲಿಲ್ಲ,
ಸಂಬಳದ ಕವರಿನಲ್ಲಿ ಅಂದರು.

ಆಮೇಲೊಂದು ಉಪಾಯ ಕಂಡುಕೊಂಡೆ:
ಕರಡನ್ನು ಅಡ್ಡ ತಿರುಗಿಸಿ ಹಿಡಿದರೆ
ಕಳೆದ ಕಡ್ಡಿಗಳೆಲ್ಲ ವಾಪಸು ಬರುತ್ತಿದ್ದವು,
ದೀಪ ಆರಿಸಿದ ಮೇಲೆ ಮಾತಿಗೆ ತೊಡಗುವ ಮಕ್ಕಳ ಹಾಗೆ.
ನೆಟ್ಟಗೆ ಹಿಡಿದರೆ ಮತ್ತೆ ಇಲ್ಲ.
ಕಂಪ್ಯೂಟರಿನ ಸಮೀನಾ ನಕ್ಕಳು:
"ಮಂಗಳಕ್ಕಾ, ಪತ್ರಿಕೆ ಓದ್ತಿದೀರೋ, ಸೈಟಿನ ನಕ್ಷೆ ನೋಡ್ತಿದೀರೋ?"

ಮಿಂಟೋದಲ್ಲಿ ಬೆಳಗ್ಗೆ ಎಂಟರ ಸಾಲು.
ಸಿಸಿಲಿಯಾ ಎಂಬ ಹುಡುಗಿ
ಭಾರದ ಚೌಕಟ್ಟೊಂದನ್ನು ಮೂಗಿಗೇರಿಸಿ ಗಾಜು ಬದಲಿಸುತ್ತ
"ಇದು ಚೆನ್ನಾಗಿದೆಯಾ, ಇದಾ? ಮೊದಲನೇದಾ, ಎರಡನೇದಾ?"
ಸೀರೆಯಂಗಡಿಯಲ್ಲೂ ಯಾರೂ ನನ್ನನ್ನು ಇಷ್ಟು ಕೇಳಿರಲಿಲ್ಲ.
ತಪ್ಪು ಉತ್ತರ ಹೇಳಿಬಿಟ್ಟೇನೆಂದು ಅಂಗೈ ಬೆವರಿತು.
ಗೋಡೆಯ ಮೇಲೆ ಬೀಸಣಿಗೆಯಂತೆ ಬಿಚ್ಚಿದ ಗೆರೆಗಳು,
ಎಲ್ಲಕ್ಕೂ ಒಂದೇ ಶಾಯಿಯಂತೆ.
ನನಗೆ ಮಲಗಿದವು ಕಪ್ಪು, ನಿಂತವು ಬೂದಿ.

"ಕಣ್ಣಿನ ಮುಂಭಾಗ ಚೆಂಡಿನ ಹಾಗಿರಬೇಕು," ಅಂದಳು,
"ನಿಮ್ಮದು ಚಮಚದ ಬೆನ್ನು.
ಒಂದು ಕಡೆ ಬಾಗು ಜಾಸ್ತಿ, ಒಂದು ಕಡೆ ಕಮ್ಮಿ."
ಗಾಂಧಿಬಜಾರಿನ ತಳ್ಳುಗಾಡಿಯ ನೇರಳೆಹಣ್ಣು ನೆನಪಾಯಿತು.
ಇಷ್ಟು ದಿನ ಅದರೊಳಗಿಂದಲೇ ನೋಡಿದೆನೆ ಎಲ್ಲರನ್ನೂ?

ಚೀಟಿಯಲ್ಲಿ ಮೂರು ಮನೆ.
ಸ್ಫಿಯರ್, ಮೈನಸ್ ಅರ್ಧ.
ಸಿಲಿಂಡರ್, ಗ್ಯಾಸಿನದಲ್ಲ, ಮೈನಸ್ ಒಂದೂಕಾಲು.
ಆಕ್ಸಿಸ್ ತೊಂಬತ್ತು.
"ಎಷ್ಟು ಅನ್ನೋದು ಸಿಲಿಂಡರು, ಎತ್ತ ಅನ್ನೋದು ಆಕ್ಸಿಸ್ಸು.
ಎತ್ತ ತಪ್ಪಿದರೆ ಎಷ್ಟು ಕೊಟ್ಟೂ ಉಪಯೋಗವಿಲ್ಲ."
ತಿದ್ದಲು ಏನೂ ಇಲ್ಲದ ವಾಕ್ಯ.

ಬಳೇಪೇಟೆ. ಚೆನ್ನವೀರಯ್ಯನವರ ಅಂಗಡಿ. ಹೊಸ ಕನ್ನಡಕ.
ಹಾಕಿಕೊಂಡು ಇಳಿದರೆ ಮೆಟ್ಟಿಲು ಓರೆ,
ನಿಂತ ಬಸ್ಸು ಬಲಕ್ಕೆ ವಾಲಿತ್ತು.
"ಅಭ್ಯಾಸ ಆಗತ್ತಮ್ಮ," ಅಂದರು.
ಎಂಟು ದಿನ ಅಭ್ಯಾಸ ಮಾಡಿದೆ.
ತಲೆನೋವು ಅಭ್ಯಾಸವಾಯಿತು.
ಕಡ್ಡಿ ಬರಲಿಲ್ಲ.

ಒಂಬತ್ತನೆಯ ದಿನ ಹೋಗಿ ಜಾಬ್ ಕಾರ್ಡು ಕೇಳಿದೆ.
ಹಳೇ ಕೈ, ಕನ್ನಡದ ಅಂಕಿ.
ಮಿಂಟೋ ಚೀಟಿ ಪಕ್ಕಕ್ಕಿಟ್ಟು ಉಗುರೂರಿ ಓದಿದೆ,
ಮೂಲಕ್ಕೂ ಕರಡಿಗೂ ತಾಳೆ ನೋಡುವುದೇ ಅಲ್ಲವೆ ನನ್ನ ಕಸುಬು?
ಅವರು ಬರೆದದ್ದು ೯೦.
ಹಿಂದಿನ ಕೋಣೆಯ ಹುಡುಗ ಓದಿಕೊಂಡದ್ದು ೬೦.
ಬಾಲ ಎತ್ತ ತಿರುಗಿದೆ, ಅಷ್ಟೇ ಅಂತರ.
ಮೂವತ್ತು ಡಿಗ್ರಿ ಜರುಗಿದರೆ
ಹಾಕಿಯೂ ಹಾಕದ ಹಾಗೆ,
ಮೇಲೊಂದಿಷ್ಟು ಓರೆ, ದಕ್ಷಿಣೆಗೆ.

ಚೆನ್ನವೀರಯ್ಯನವರು ಬಹಳ ಹೊತ್ತು ಆ ಅಂಕಿಯನ್ನೇ ನೋಡಿದರು.
ತಮ್ಮ ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಮತ್ತೆ ನೋಡಿದರು.
"ನಲವತ್ತು ವರ್ಷದಿಂದ ಹೀಗೇ ಬರೀತಿದೀನಿ."
ಎಷ್ಟು ಜನ ಅಭ್ಯಾಸ ಮಾಡಿಕೊಂಡರೋ,
ಇಬ್ಬರೂ ಬಾಯಿಬಿಟ್ಟು ಕೇಳಲಿಲ್ಲ.

ಬೇರೆ ಗಾಜು ತೆಗೆದು, ಶಾಯಿಯ ಮೂರು ಚುಕ್ಕೆಯಿಟ್ಟು,
ಈ ಸಲ ತಾವೇ ಕೂತು ಉಜ್ಜಿ ಕೂರಿಸಿಕೊಟ್ಟರು.

ಈಗ ಕಡ್ಡಿ ಇದೆ.
ವಧುವಿನಲ್ಲಿದೆ, ಶುಭದಲ್ಲಿದೆ, ಧಾರೆಯಲ್ಲಿದೆ.
ಬೇಡವಾದದ್ದೂ ಇದೆ:
ಸಮೀನಾಳ ಹುಬ್ಬಿನ ನಡುವೆ ನಿಂತ ಎರಡು ಗೆರೆ,
ನನ್ನ ತುಟಿಯ ಮೇಲಿನವು, ಎಣಿಸಬಹುದಾದಷ್ಟು.

ಆದರೂ ಸಂಜೆ, ಟೌನ್‌ಹಾಲ್ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ
ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತೇನೆ.
ಜೆ.ಸಿ. ರಸ್ತೆಯುದ್ದಕ್ಕೂ ದೀಪಗಳು ಅಡ್ಡಡ್ಡ ಹಿಗ್ಗುತ್ತವೆ,
ಒಂದೊಂದೂ ಒಂದು ತಲೆಕಟ್ಟು.
ಕೆಳಗೆ ಅಕ್ಷರವಿಲ್ಲ,
ತಿದ್ದುವುದಕ್ಕೇನೂ ಇಲ್ಲ,
ಹಸಿರು ಬೀಳುವವರೆಗೆ.